ಜೂನ್ ತಿಂಗಳ ಮಾತು

ತೋಟದ ಶಾಲೆ, ಕಾಗವಾಡದ ಹತ್ತಿರ
ರವಿವಾರ, 18 ಜನವರಿ 1987

ಚಿರಂಜೀವಿ ತಾರವ್ವನಿಗೆ,

ನಿನ್ನ ಅವ್ವ ಗಿರಿಜವ್ವ ಇಲ್ಲಿಂದಲೇ ನಿನ್ನ ತಲೆ ಸವರಿ ಮಾಡುವ ಆಶೀರ್ವಾದ. ನಾನು ಆರಾಮ ಇದ್ದೇನೆ. ಕರೋಶಿಯ ನನ್ನ ತವರಿನಲ್ಲಿ ನೀನು, ಆಯಿ, ಮಾಮಾ, ಅತ್ತಿ ಎಲ್ಲರೂ ಆರಾಮ ಇದ್ದೀರೆಂದು ತಿಳಿದುಕೊಂಡಿದ್ದೇನೆ. ಸಂಕ್ರಾಂತಿಗೆ ಮುಂಚೆಯೇ ಪತ್ರ ಹಾಕಬೇಕಾಗಿತ್ತು, ಆಗಲಿಲ್ಲ. ನಿನಗಾಗಿ ಕುಸುರೆಳ್ಳಿನ ಪೊಟ್ಟಣ ಕಟ್ಟಿ ಇಟ್ಟಿದ್ದೆ. ಆ ಕಡೆ ಬರುವವರು ಯಾರೂ ಸಿಗಲಿಲ್ಲ, ಕೊನೆಗೆ ನಾನೇ ಒಂದೊಂದಾಗಿ ತಿಂದು ಮುಗಿಸಿದೆ. ಇದನ್ನು ಹೇಳದೆಯೂ ಇರಬಹುದಾಗಿತ್ತು.

ಅಥಣಿಯ ಹಾಸ್ಟೆಲು ಬಿಟ್ಟು ಇಲ್ಲಿಗೆ ಬಂದು ಎರಡು ವಾರವಾಯಿತು. ನಮ್ಮ ಟ್ರೇನಿಂಗಿನ ಕೊನೆಯ ಘಟ್ಟ ಇದು. ಪಾಠ ಹೇಳುವುದು ಹೇಗೆ ಎಂದು ಎರಡು ವರ್ಷ ಕಾಲೇಜಿನಲ್ಲಿ ಕೂತು ಓದಿದವರನ್ನು ಈಗ ಹತ್ತು ವಾರ ಖರೇ ಮಕ್ಕಳ ಮುಂದೆ ನಿಲ್ಲಿಸುತ್ತಾರೆ. ಮಾರ್ಚಿನಲ್ಲಿ ಒಂದು ದಿನ ಇಬ್ಬರು ಪರೀಕ್ಷಕರು ಬಂದು ತರಗತಿಯ ಹಿಂದೆ ಕೂತು ನೋಡುತ್ತಾರೆ. ಅದಕ್ಕೆ ಅಂತಿಮ ಪಾಠ ಎನ್ನುತ್ತಾರೆ. ಅರ್ಧ ತಾಸಿನ ಆ ಪಾಠಕ್ಕೆ ಬೀಳುವ ಅಂಕದ ಮೇಲೆ ನೌಕರಿಯ ಪಾಳಿ ಹಿಂದೆ ಮುಂದೆ ಆಗುತ್ತದೆ. ದೀಪಾವಳಿಗೆ ಬಂದಾಗ ನಿನಗೆ ಹೇಳಿದ್ದೆನಲ್ಲ, ಜೂನ್‌ನಲ್ಲಿ ನನಗೆ ನೌಕರಿ ಆಗುತ್ತದೆ, ಒಂದು ಖೋಲಿ ಹಿಡಿದು ನಾವಿಬ್ಬರೇ ಇರೋಣ ಎಂದು. ನೀನು ಆಗ ಅತ್ತಿಯ ಸೆರಗು ಹಿಡಿದು ನೆಲ ನೋಡುತ್ತ ನಿಂತಿದ್ದೆ.

ಶಾಲೆ ಊರೊಳಗಿಲ್ಲ, ಕಬ್ಬು ಮತ್ತು ದ್ರಾಕ್ಷಿ ತೋಟಗಳ ನಡುವೆ ಇದೆ. ಈ ಕಡೆ ಜನ ತಮ್ಮ ತಮ್ಮ ತೋಟದಲ್ಲೇ ಮನೆ ಕಟ್ಟಿಕೊಂಡಿದ್ದಾರೆ, ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳುವುದಿಲ್ಲ. ಶಾಲೆಗೆ ಎರಡು ಖೋಲಿ, ನಾಲ್ಕು ತರಗತಿ, ಒಬ್ಬರೇ ಮಾಸ್ತರರು. ಮುರಗೆಪ್ಪ ಎಂದು ಅವರ ಹೆಸರು, ರಿಟಾಯರ್ ಆಗಲು ಎರಡು ವರ್ಷ ಉಳಿದಿದೆ. ನಾವು ಬಂದ ದಿನವೇ ಮೂರು ಮತ್ತು ನಾಲ್ಕನೆಯ ತರಗತಿಗಳನ್ನು ನಮಗೆ ಒಪ್ಪಿಸಿ, ಕುರ್ಚಿಯನ್ನು ಬೇವಿನ ಗಿಡದ ಕೆಳಗೆ ಹಾಕಿಕೊಂಡರು. ಅಲ್ಲಿಂದ ಇನ್ನೂ ಎದ್ದಿಲ್ಲ.

ನಾವು ಅಂದರೆ ನಾನು ಮತ್ತು ಮಹಾವೀರ. ಅವನು ನಿಪ್ಪಾಣಿ ಕಡೆಯ ಹುಡುಗ, ಇಪ್ಪತ್ತು ವರ್ಷದವನು. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಆ ವಯಸ್ಸಿನವರೇ, ಮೂವತ್ತು ದಾಟಿದವಳು ನಾನೊಬ್ಬಳು. ಮೊದಲ ದಿನ ಮುರಗೆಪ್ಪ ಮಾಸ್ತರರು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿ ಎಂದು ತಿಳಿದು ಎದ್ದು ನಿಂತು ಕೈ ಮುಗಿದರು. ಹಾಜರಿ ಪುಸ್ತಕವನ್ನೂ ತಂದು ಮುಂದಿಟ್ಟರು. ನಾನು ಸುಮ್ಮನೆ ಎರಡು ಪುಟ ತಿರುವಿ ಹಾಕಿ, ಆಮೇಲೆ ನಿಜ ಹೇಳಿದೆ. ಮಹಾವೀರ ದಿನಕ್ಕೊಮ್ಮೆ ಅದನ್ನು ನೆನಪಿಸಿ ನಗುತ್ತಾನೆ. ಶಾಲೆ ಬಿಟ್ಟ ಕೂಡಲೇ ಸೈಕಲ್ ಹತ್ತಿ ಕಾಗವಾಡದ ತನ್ನ ಸೋದರಮಾವನ ಮನೆಗೆ ಹೋಗುತ್ತಾನೆ. ಆಮೇಲೆ ಮರುದಿನ ಹತ್ತು ಗಂಟೆಯವರೆಗೆ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ.

ಮಾತಾಡುವವರಿಲ್ಲ ಎಂದರೆ ಮನೆ ಖಾಲಿ ಎಂದಲ್ಲ. ನಾನು ಇಳಿದುಕೊಂಡಿರುವುದು ಗೌರಾಬಾಯಿ ಎಂಬವರ ತೋಟದ ಮನೆಯಲ್ಲಿ, ಹದಿನೆಂಟು ಮಂದಿಯ ಮನೆ. ಗೌರಾಬಾಯಿ ಒಳ್ಳೆಯ ಹೆಂಗಸು. ಮೊದಲ ದಿನವೇ ಬಿಸಿ ಭಕ್ಕರಿ ಹಾಕಿ, "ನಾಚಬ್ಯಾಡ್ರಿ ಬಾಯಿ, ನಿಮ್ಮ ತವರಮನೀನ ಅಂತ ತಿಳ್ಕೋರಿ" ಅಂದರು. ದ್ರಾಕ್ಷಿ ಈಗ ಕಾಯಿ ತುಂಬುವ ಹೊತ್ತು, ಮನೆಮಂದಿಯೆಲ್ಲ ಹಗಲಿಡೀ ತೋಟದಲ್ಲಿರುತ್ತಾರೆ. ಸಂಜೆ ಊಟಕ್ಕೆ ಕೂತರೆ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಒಬ್ಬರನ್ನೊಬ್ಬರು ಚೇಷ್ಟೆ ಮಾಡಿ ನಗುತ್ತಾರೆ. ನನಗೆ ಮರಾಠಿ ತಿಳಿಯುತ್ತದೆ, ಅವರ ನಗು ತಿಳಿಯುವುದಿಲ್ಲ. ಯಾವ ಕಾಕಾ ಯಾರ ಮದುವೆಯಲ್ಲಿ ಹಳ್ಳಕ್ಕೆ ಬಿದ್ದ ಎಂಬುದು ಗೊತ್ತಿದ್ದರಲ್ಲವೇ ನಗು ಬರುವುದು. ನಾನು ತಾಟು ನೋಡಿಕೊಂಡು ಉಂಡು ಏಳುತ್ತೇನೆ. ಹದಿನೆಂಟು ಮಂದಿಯ ನಡುವೆ ಇಷ್ಟು ಒಂಟಿಯಾಗಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ವಾರದ ದಿನಗಳು ಹೇಗೋ ಹೋಗುತ್ತವೆ. ನಲವತ್ತು ಮಕ್ಕಳು ತಲೆ ತಿನ್ನುತ್ತವೆ, ಉಳಿದ ಹೊತ್ತು ಪಾಠ ಟಿಪ್ಪಣಿ ಬರೆಯುವುದು. ಒಂದೊಂದು ಪಾಠಕ್ಕೂ ಉದ್ದೇಶ, ಪೂರ್ವಜ್ಞಾನ, ಪೀಠಿಕೆ, ನಿರೂಪಣೆ, ಪುನರಾವರ್ತನೆ ಎಂದು ಗೆರೆ ಹೊಡೆದು ತುಂಬಬೇಕು. ನಾನು ಏನು ಕೇಳುತ್ತೇನೆ ಎಂಬುದು ಎಡಗಡೆ, ಮಕ್ಕಳು ಏನು ಉತ್ತರ ಕೊಡುತ್ತಾರೆ ಎಂಬುದು ಬಲಗಡೆ. ಮಕ್ಕಳನ್ನು ಕೇಳುವ ಮುಂಚೆಯೇ ಅವರ ಉತ್ತರವನ್ನೂ ನಾವೇ ಬರೆದಿಡುವ ಈ ಪದ್ಧತಿ ನನಗೆ ಇನ್ನೂ ನಗು ತರಿಸುತ್ತದೆ. ರವಿವಾರ ಮಾತ್ರ ಬರಬಾರದು. ಇಂದು ಬೆಳಗಿನಿಂದ ಎರಡು ಸಲ ಶಾಲೆಯವರೆಗೆ ನಡೆದು ಹೋಗಿ, ಬೀಗ ನೋಡಿ ತಿರುಗಿ ಬಂದೆ.

ಈ ಪತ್ರವನ್ನು ಮಾಮಾ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಓದುತ್ತಾನೆ ಎಂದು ಗೊತ್ತು. ಅಣ್ಣಾ ಲಗಮಣ್ಣಾ, ನಿನಗೆ ನಮಸ್ಕಾರ. ನಡುನಡುವೆ ನುಂಗಬೇಡ, ಪೂರಾ ಓದು. ತಾರವ್ವಾ, ಲಕೋಟೆಯೊಳಗೆ ಒಂದು ಕಾರ್ಡು ಇಟ್ಟಿದ್ದೇನೆ, ನನ್ನ ವಿಳಾಸ ನಾನೇ ಬರೆದಿದ್ದೇನೆ. ಎರಡು ವರ್ಷದಲ್ಲಿ ನಿನ್ನ ಕೈಬರಹದ ಒಂದು ಸಾಲೂ ನನಗೆ ಬಂದಿಲ್ಲ. ಐದನೆಯ ತರಗತಿಯವಳು, ಒಂದು ಸಾಲು ಬರೆ. ಅಕ್ಷರ ಸೊಟ್ಟಗಿದ್ದರೂ ಅಂಕ ಕಡಿಮೆ ಮಾಡುವುದಿಲ್ಲ.

ನಿನ್ನ
ಅವ್ವ

⁂

ತೋಟದ ಶಾಲೆ
ರವಿವಾರ, 15 ಫೆಬ್ರುವರಿ 1987

ಚಿರಂಜೀವಿ ತಾರವ್ವನಿಗೆ ಅವ್ವನ ಆಶೀರ್ವಾದ.

ತಡವಾಯಿತು. ನಿನ್ನ ಕಾರ್ಡು ಬಂದ ಮೇಲೆ ಬರೆಯೋಣ ಎಂದು ಕಾದೆ, ಅದು ಬರಲಿಲ್ಲ. ಅಂಚೆಯವನು ಈ ಕಡೆ ಎರಡು ದಿನಕ್ಕೊಮ್ಮೆ ಬರುತ್ತಾನೆ. ಅವನ ಸೈಕಲ್ ಕಂಡರೆ ನಾನು ಪಾಠ ನಿಲ್ಲಿಸುತ್ತೇನೆ ಎಂಬುದು ಮಕ್ಕಳಿಗೂ ತಿಳಿದುಹೋಗಿದೆ. ಕಿಟಕಿಯ ಹತ್ತಿರದವರು ಇಣುಕಿ ನೋಡಿ, ಇವತ್ತೂ ಇಲ್ಲರಿ ಅಕ್ಕಾರ ಎಂದು ನನಗೇ ವರದಿ ಕೊಡುತ್ತಾರೆ. ಮಾಮಾನ ಕಾರ್ಡು ಒಂದು ಬಂತು. ಕಬ್ಬು ಕಾರ್ಖಾನೆಗೆ ಹೋಯಿತು, ಎಮ್ಮೆ ಈದಿತು, ತಾರವ್ವ ಆರಾಮ ಎಂದು ಬರೆದಿದ್ದ. ಎಮ್ಮೆಗೆ ಎರಡು ಸಾಲು, ನಿನಗೆ ಎರಡು ಶಬ್ದ.

ಇಲ್ಲಿಯ ದೊಡ್ಡ ಸುದ್ದಿ ಅಂದರೆ ಮಲಕವ್ವ. ಹದಿನೈದು ದಿನದ ಹಿಂದೆ ಶಾಲೆಯ ಆಚೆಗಿನ ಹೊಲಕ್ಕೆ ಕುರುಬರು ಬಂದರು. ಬೆಳೆ ತೆಗೆದ ಹೊಲದಲ್ಲಿ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರವಾಗುತ್ತದೆ ಎಂದು ತೋಟದವರು ಕರೆಸುತ್ತಾರೆ. ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುತ್ತಾರೆ, ಹೀಗೆ ತಿಂಗಳುಗಟ್ಟಲೆ ಈ ಸುತ್ತಿನಲ್ಲೇ ಇರುತ್ತಾರೆ. ಅವರಲ್ಲಿ ಭರಮು ಎಂಬವನ ಮಗಳು ಮಲಕವ್ವ. ಒಂದು ದಿನ ಬಾಗಿಲಲ್ಲಿ ಬಂದು ನಿಂತು ನನ್ನ ಪಾಠ ಕೇಳುತ್ತಿದ್ದಳು. ಒಳಗೆ ಬಾ ಅಂದೆ, ಬಂದು ಕೂತಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ, ಹೋಗುವವಳ ಹೆಸರು ಯಾಕೆ ಎಂದು ಮುರಗೆಪ್ಪ ಮಾಸ್ತರರು ಹಚ್ಚಲಿಲ್ಲ. ನಾನು ಹಾಜರಿ ಕರೆದು ಮುಗಿಸಿದ ಮೇಲೆ, ನನ್ನ ಹೆಸರೂ ಕರೀರಿ ಎಂದು ಕಾಡಿದಳು. ಈಗ ದಿನಾ ಕೊನೆಗೆ ಅವಳ ಹೆಸರನ್ನು ಬಾಯಲ್ಲೇ ಕರೆಯುತ್ತೇನೆ.

ಅಂತಿಮ ಪಾಠಕ್ಕೆ ನನಗೆ ಬಂದ ವಿಷಯ ಯಾವುದು ಗೊತ್ತೇ? ಮೂರನೆಯ ತರಗತಿಯ ಪರಿಸರ ಅಧ್ಯಯನ, ಸಾಕುಪ್ರಾಣಿ, ಕುರಿ. ಮೂರು ಸಂಜೆ ಕೂತು ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಕುರಿಯ ಚಿತ್ರ ಬರೆದೆ. ಗೌರಾಬಾಯಿಯವರ ಹಳೆಯ ಗಾದಿಯಿಂದ ಹತ್ತಿ ಬೇಡಿ ತಂದು ಮೈಗೆಲ್ಲ ಅಂಟಿಸಿದೆ. ಬೆಳ್ಳಗೆ, ದುಂಡಗೆ, ನೋಡಿದವರು ಮುಟ್ಟಬೇಕು ಹಾಗೆ ಬಂತು. ತರಗತಿಯಲ್ಲಿ ತೂಗುಹಾಕಿದ ಕೂಡಲೇ ಮಲಕವ್ವ ಎದ್ದು ನಿಂತಳು.

"ಅಕ್ಕಾರ, ಇದು ಯಾವ ಪ್ರಾಣಿರಿ?"

ಕುರಿ ಅಂದೆ.

"ಕುರಿ ಕರ್ರಗ ಇರತಾವ್ರಿ. ಕಿವಿ ಇಷ್ಟುದ್ದ ಜೋತ ಬಿದ್ದಿರತಾವ. ಇದಕ್ಕ ಕಿವೀನ ಇಲ್ಲಲ್ಲರಿ."

ನಾನು ಪುಸ್ತಕದ ಚಿತ್ರ ನೋಡಿ ಬರೆದವಳು. ನಮ್ಮ ಕಡೆಯ ಕುರಿ ಕರ್ರಗಿರುತ್ತದೆ ಎಂಬುದು ಹುಟ್ಟಿದಂದಿನಿಂದ ನೋಡಿದ ನನಗೆ ಹೊಳೆದೇ ಇರಲಿಲ್ಲ. ಕೂಡ್ರು ಎಂದು ಗದರಿ, ಟಿಪ್ಪಣಿಯ ಪ್ರಕಾರ ಮುಂದಿನ ಪ್ರಶ್ನೆ ಕೇಳಿದೆ, ಕುರಿ ನಮಗೆ ಏನು ಕೊಡುತ್ತದೆ ಎಂದು. ಬಲಗಡೆ ಬರೆದಿದ್ದ ಉತ್ತರ ಉಣ್ಣೆ. ಮಲಕವ್ವ ಕೈ ಎತ್ತದೆಯೇ, ಅದು ಏನೂ ಕೊಡೂದಿಲ್ಲರಿ, ನಾವ ಕತ್ತರಿಸಿಕೊಳ್ಳತೀವಿ ಅಂದಳು. ಇಡೀ ತರಗತಿ ಹೋ ಎಂದು ನಕ್ಕಿತು. ಹೊರಗೆ ಬೇವಿನ ಗಿಡದ ಕೆಳಗೆ ಮಾಸ್ತರರೂ ನಗುತ್ತಿದ್ದರು.

ಹೀಗೆ ಅಭ್ಯಾಸದ ಪಾಠ ಮಾಡಿದಾಗಲೆಲ್ಲ ಅವಳೊಂದು ಮಾತು ತೆಗೆದು ನನ್ನನ್ನು ದಾರಿ ತಪ್ಪಿಸುತ್ತಾಳೆ. ಸಿಟ್ಟು ಬರುತ್ತದೆ, ಆದರೆ ಸುಳ್ಳು ಯಾಕೆ ಹೇಳಲಿ, ಅವಳು ಬಂದಂದಿನಿಂದ ನನ್ನ ರವಿವಾರಗಳು ಸಣ್ಣವಾಗಿವೆ. ರಜೆ ದಿನವೂ ನನ್ನನ್ನು ಹುಡುಕಿಕೊಂಡು ಗೌರಾಬಾಯಿಯವರ ಮನೆಗೆ ಬರುತ್ತಾಳೆ. ಕುರಿಮರಿಗಳನ್ನು ತೋರಿಸಲು ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಪ್ರತಿಯೊಂದಕ್ಕೂ ಹೆಸರಿದೆ, ಯಾವ ಮರಿಯ ತಾಯಿ ಯಾವುದು ಎಂದು ನನ್ನನ್ನು ಪರೀಕ್ಷೆ ಮಾಡುತ್ತಾಳೆ. ಆ ಪರೀಕ್ಷೆಯಲ್ಲಿ ನಾನು ಇದುವರೆಗೆ ಪಾಸಾಗಿಲ್ಲ. ನಿನ್ನೆ ನನ್ನ ಪಕ್ಕದಲ್ಲಿ ಕೂತು ಭಕ್ಕರಿ ತಿಂದಳು, ಬಹಳ ದಿನದ ಮೇಲೆ ನಾನು ಹೊಟ್ಟೆ ತುಂಬ ಉಂಡೆ.

ಇದನ್ನು ಓದಿ ನಿನಗೆ ಹೊಟ್ಟೆಕಿಚ್ಚು ಆದರೆ ಆಗಲಿ. ಹೊಟ್ಟೆಕಿಚ್ಚಿಗಾದರೂ ಒಂದು ಸಾಲು ಬರೆಯುತ್ತೀಯೇನೋ ನೋಡೋಣ. ಆಯಿಗೆ ನಮಸ್ಕಾರ ಹೇಳು, ಅತ್ತಿಯ ಮಂಡಿನೋವು ಹೇಗಿದೆ ಎಂದು ಕೇಳಿದೆನೆಂದು ಹೇಳು.

ನಿನ್ನ
ಅವ್ವ

⁂

ತೋಟದ ಶಾಲೆ
ರವಿವಾರ, 8 ಮಾರ್ಚ್ 1987

ನನ್ನ ತಾರವ್ವನಿಗೆ,

ಸಾವಿರ ಕಾಲ ಚೆನ್ನಾಗಿ ಬಾಳು ಎಂದು ಅವ್ವನ ಆಶೀರ್ವಾದ.

ನಿನ್ನ ಕಾರ್ಡು ಕೈಗೆ ಬಂದು ಹನ್ನೆರಡು ದಿನವಾಯಿತು. ಇಷ್ಟು ದಿನ ಅದಕ್ಕಾಗಿ ಕಾಡಿಸಿ, ಬಂದ ಮೇಲೆ ಉತ್ತರ ಕೊಡದೆ ಕೂತ ತಪ್ಪು ನನ್ನದು. ಅಂಚೆಯವನು ಕಾರ್ಡು ಎತ್ತಿ ತೋರಿಸುತ್ತ ಬಂದ ದಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಿನ್ನ ಅಕ್ಷರ ನೋಡಿ ಎಷ್ಟು ಹೊತ್ತು ನಿಂತೆನೋ ತಿಳಿಯದು. ಎರಡೇ ಸಾಲು, ನನಗೆ ಬಾಯಿಪಾಠವಾಗಿದೆ. "ನಾ ಆರಾಮ ಅದೀನಿ. ನೀ ಜೂನದಾಗ ಖರೇನ ಬರತೀ ಏನು?" ಅದರ ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಹಾಳೆ ಹರಿದೆ. ಈಗ ಮೊದಲು ಪಾಠದ ಸುದ್ದಿ ಹೇಳುತ್ತೇನೆ. ಈ ಪತ್ರವನ್ನು ಮನೆಗಲ್ಲ, ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ.

ಅಂತಿಮ ಪಾಠ ಬುಧವಾರ ಇತ್ತು. ಅದಕ್ಕೆ ಮುಂಚೆ ಒಂದು ವಾರ ಶಾಲೆಯಲ್ಲಿ ಬೇರೆ ಪಾಠವೇ ನಡೆಯಲಿಲ್ಲ. ಟ್ರೇನಿಂಗಿನವರಲ್ಲಿ ಒಂದು ರೂಢಿ ಇದೆ, ಯಾವ ಪುಸ್ತಕದಲ್ಲೂ ಬರೆದಿಲ್ಲ, ಎಲ್ಲರೂ ಮಾಡುತ್ತಾರೆ. ಪರೀಕ್ಷಕರ ಮುಂದೆ ಮಾಡುವ ಪಾಠವನ್ನೇ ಮೊದಲು ನಾಲ್ಕಾರು ಸಲ ಮಾಡಿ ಮಕ್ಕಳಿಗೆ ಉತ್ತರ ಉರು ಹೊಡೆಸುವುದು. ಜಾಣರನ್ನು ಮುಂದೆ ಕೂಡಿಸುವುದು. ಕೆಡಿಸುವಂಥವರು ಇದ್ದರೆ ಆ ದಿನ ಯಾವುದಾದರೂ ನೆವ ಹೇಳಿ ಹೊರಗೆ ಕಳಿಸುವುದು. ಮಹಾವೀರನ ಮಕ್ಕಳಿಗೆ ಉರು ಎಷ್ಟು ಹೆಚ್ಚಾಗಿತ್ತೆಂದರೆ, ಅವನು ಪ್ರಶ್ನೆ ಕೇಳಲು ಬಾಯಿ ತೆರೆಯುವ ಮುಂಚೆಯೇ ಉತ್ತರ ಕೂಗಿಬಿಟ್ಟರು. ಪರೀಕ್ಷಕರು ನಕ್ಕರು, ಅವನು ಬೆವತುಹೋದ. ಪಾಪ, ಆಮೇಲೆ ಬಾವಿಯ ಹತ್ತಿರ ಹೋಗಿ ಮುಖ ತೊಳೆಯುತ್ತ ಬಹಳ ಹೊತ್ತು ನಿಂತಿದ್ದ.

ನನ್ನ ವಿಷಯ ಬೇರೆ. ಮಂಗಳವಾರ ಮುರಗೆಪ್ಪ ಮಾಸ್ತರರು ನನ್ನನ್ನು ಕರೆದು, ಆ ಕುರುಬರ ಹುಡುಗೀನ ನಾಳಿ ಒಳಗ ಬಿಡಬ್ಯಾಡ್ರಿ ಅಂದರು. ಬೇರೆ ಮಕ್ಕಳಂತೆ ಸುಮ್ಮನೆ ಕೂರುವವಳಲ್ಲ ಎಂದು ನಾನೂ ಬಲ್ಲೆ. "ನಿಮಗ ಮಗಳು ಅದಾಳ. ಅಕಿ ಸಲುವಾಗಿ ಅಂತ ತಿಳಕೊಂಡು ಕಳಿಸಿಬಿಡ್ರಿ" ಅಂದರು. ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಎದುರು ಮಾತಾಡಲಿಲ್ಲ. ಮಾತಾಡುವ ಮನಸ್ಸೂ ಇರಲಿಲ್ಲ, ಅದೇ ವಿಚಾರ ನನ್ನ ತಲೆಯಲ್ಲೂ ಇತ್ತು.

ನಾಳೆ ಬರಬೇಡ ಎಂದು ಅವಳಿಗೆ ಹೇಳುವುದು ಎಷ್ಟು ಹೊತ್ತಿನ ಕೆಲಸ? ನನ್ನಿಂದ ಆಗಲಿಲ್ಲ. ಅವಳ ಮುಖ ಸಪ್ಪಗಾಗುವುದನ್ನು ನೋಡಲಾರೆ ಎಂದು, ನೋಡದೆ ಇರುವ ದಾರಿ ಹಿಡಿದೆ. ಬುಧವಾರ ಬೆಳಿಗ್ಗೆ ಅವಳನ್ನು ಕರೆದು, ನಿನ್ನ ಒಂದು ಒಳ್ಳೆಯ ಮರಿ ತೆಗೆದುಕೊಂಡು ಗೌರಾಬಾಯಿಯವರ ಮನೆಯಲ್ಲಿ ಕೂತಿರು, ಹನ್ನೊಂದಕ್ಕೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಇಬ್ಬರೂ ಕೂಡಿ ಸಾಹೇಬರಿಗೆ ತೋರಿಸೋಣ ಎಂದು ಹೇಳಿದೆ. ಖರೇ ಕುರಿ ತೋರಸೂಣೇನ್ರಿ ಎಂದು ಕೇಳಿ, ನಾನು ಹೂಂ ಅಂದ ಕೂಡಲೇ ಹೊಲದ ಕಡೆಗೆ ಓಡಿದಳು.

ಪಾಠ ಚೆನ್ನಾಗಿ ಆಯಿತು. ಹತ್ತಿಯ ಕುರಿಯನ್ನು ಇಬ್ಬರೂ ಪರೀಕ್ಷಕರು ಮುಟ್ಟಿ ನೋಡಿದರು. ಕುರಿ ನಮಗೆ ಏನು ಕೊಡುತ್ತದೆ ಎಂದರೆ ಎಲ್ಲರೂ ಉಣ್ಣೆ ಎಂದರು, ಯಾರೂ ನಗಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಶಿಸ್ತಿನ ತರಗತಿ ನೋಡಿಲ್ಲ ಎಂದು ಹಿರಿಯ ಪರೀಕ್ಷಕರು ನನ್ನ ಟಿಪ್ಪಣಿಯ ಕೆಳಗೆ ಬರೆದು ಸಹಿ ಮಾಡಿದರು. ಆಮೇಲೆ ಅವರಿಗೆ ಚಹಾ, ದ್ರಾಕ್ಷಿ, ಮಾತು. ಅವರನ್ನು ಬಸ್ಸಿಗೆ ಕಳಿಸಲು ನಾನೂ ಮಹಾವೀರನೂ ರಸ್ತೆಯವರೆಗೆ ಹೋದೆವು. ಅಲ್ಲಿಂದ ಕಾಗವಾಡಕ್ಕೆ ಹೋಗಿ ಅವನ ಸೋದರಮಾವನ ಮನೆಯಲ್ಲಿ ಉಂಡೆವು. ಅವನು, ಅಕ್ಕಾ ನಿನಗೇ ಎಲ್ಲರಿಗಿಂತ ಹೆಚ್ಚು ಬೀಳುತ್ತದೆ, ನೋಡು ಬೇಕಾದರೆ ಎಂದ. ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಮಲಕವ್ವ ನನಗೆ ನೆನಪಾಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಐದು ಗಂಟೆಗೆ ಮನೆಗೆ ಬಂದರೆ ಅವಳು ಗೌರಾಬಾಯಿಯವರ ಜಗುಲಿಯ ಮೇಲೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮರಿ ಕೂಗಿ ಕೂಗಿ ದನಿ ಬತ್ತಿತ್ತು. ಗೌರಾಬಾಯಿ ಎರಡು ಸಲ ಊಟಕ್ಕೆ ಎಬ್ಬಿಸಿದರಂತೆ, ಅಕ್ಕಾರು ಬರುತ್ತಾರೆ ಎಂದು ಏಳಲಿಲ್ಲವಂತೆ. ಮರಿಗೆ ಹಾಲು ಕುಡಿಸಲು ತಾಯಿಯ ಹತ್ತಿರ ಒಯ್ಯಿ ಎಂದರೂ, ನಾನು ಹೋದಾಗ ಅಕ್ಕಾರು ಬಂದರೆ ಏನು ಮಾಡುವುದು ಎಂದು ಕೇಳಿದಳಂತೆ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತು ಮರಿಯ ಮೈ ಸವರಿ ಸರಿ ಮಾಡಿದಳು. ಆಗಲಾದರೂ ನಿಜ ಹೇಳಬೇಕಾಗಿತ್ತು. ಸಾಹೇಬರು ಅವಸರದಲ್ಲಿ ಬೇಗ ಹೋದರು ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು. ಅವಳು ಮರಿ ಎತ್ತಿಕೊಂಡು ಹೋದಳು.

ದಾರಿಯಲ್ಲಿ ನಮ್ಮ ತರಗತಿಯ ಮಕ್ಕಳೇ ಅವಳಿಗೆ ಎಲ್ಲವನ್ನೂ ಹೇಳಿದ್ದಾರೆ, ನಿನ್ನನ್ನು ಬೇಕಂತಲೇ ಕಳಿಸಿದ್ದರು ಎಂದು. ಗುರುವಾರ ಅವಳು ಶಾಲೆಗೆ ಬರಲಿಲ್ಲ. ಹಾಜರಿಯ ಕೊನೆಗೆ ರೂಢಿಯಂತೆ ಅವಳ ಹೆಸರು ಕರೆದೆ, ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಕ್ರವಾರ ಬೆಳಿಗ್ಗೆ ನಾನೇ ಹೊಲಕ್ಕೆ ಹೋದೆ. ಅವರು ಕುದುರೆಯ ಮೇಲೆ ಸಾಮಾನು ಹೇರುತ್ತಿದ್ದರು, ರಾಯಬಾಗದ ಕಡೆ ಹೊರಟಿದ್ದರು. ಅವಳಿಗೆಂದು ಒಂದು ಪಾಟಿ, ಬಳಪ ಒಯ್ದಿದ್ದೆ. ಅವಳು ಕೈಯಲ್ಲಿ ತೆಗೆದುಕೊಂಡಳು, ಆದರೆ ನನ್ನ ಮುಖ ನೋಡಲಿಲ್ಲ.

"ಸುಳ್ಳ ಯಾಕ ಹೇಳಿದ್ರಿ ಅಕ್ಕಾರ? ಬರಬ್ಯಾಡ ಅಂದಿದ್ರ ನಾ ಬರತಿರಲಿಲ್ಲ."

ಅವಳ ಅಪ್ಪ ಭರಮು ಹಗ್ಗ ಬಿಗಿಯುತ್ತ ಕೇಳಿಸಿಕೊಂಡ. ಹುಡುಗಿಯ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಎರಡು ದಿನಕ್ಕೆ ಮರೆಯುತ್ತಾಳೆ ಎಂದು ನನಗೇ ಸಮಾಧಾನ ಹೇಳಿದ. ಮರೆಯುವುದಿಲ್ಲ ಎಂದು ನನಗೆ ಗೊತ್ತು. ಕುರಿಗಳ ಹಿಂದೆ ಅವಳು ರಸ್ತೆಯ ತಿರುವಿನವರೆಗೆ ಹೋಗುವುದನ್ನು ನೋಡುತ್ತ ನಿಂತಿದ್ದೆ. ತಿರುಗಿ ನೋಡಲಿಲ್ಲ.

ಇಂದು ರವಿವಾರ. ಗೌರಾಬಾಯಿಯವರ ಮನೆಯವರೆಲ್ಲ ದ್ರಾಕ್ಷಿ ಕೊಯ್ಯಲು ಹೋಗಿದ್ದಾರೆ. ಹತ್ತಿಯ ಕುರಿಯ ಚಿತ್ರವನ್ನು ಶಾಲೆಗೇ ಕೊಟ್ಟುಬಿಡಿ ಎಂದು ಮಾಸ್ತರರು ಕೇಳಿದರು, ಕೊಟ್ಟೆ. ಬರುವ ಶನಿವಾರಕ್ಕೆ ನಮ್ಮ ಹತ್ತು ವಾರ ಮುಗಿಯುತ್ತದೆ. ಇಷ್ಟೊಂದು ಒಂಟಿತನ ನನಗೆ ಟ್ರೇನಿಂಗಿಗೆ ಬಂದ ಮೊದಲ ದಿನವೂ ಆಗಿರಲಿಲ್ಲ.

ನೀನು ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಆಯಿಯ ಕಾಲಿಗೆ ಬೀಳುತ್ತೇನೆಂದು ಹೇಳು. ನಿನ್ನನ್ನು ಹೊಟ್ಟೆಯ ಮಗಳಂತೆ ನೋಡಿಕೊಳ್ಳುವ ಅತ್ತಿಗೆ ಒಳ್ಳೆಯದಾಗಲಿ. ನಿನಗೆ ಯಾವ ಕೆಟ್ಟ ಕಣ್ಣೂ ತಾಗದಿರಲಿ.

ನಿನ್ನ
ಅವ್ವ ಗಿರಿಜವ್ವ

ತಾ. ಕ.: ಈ ಹಾಳೆ ಬೇರೆಯಾಗಿ ಮಡಿಸಿ ಇಟ್ಟಿದ್ದೇನೆ. ಮಾಮಾ ಕೇಳಿದರೆ ಮೇಲಿನ ಹಾಳೆಗಳನ್ನು ಓದಲು ಕೊಡು. ಇದು ನಿನ್ನೊಬ್ಬಳದು.

ಮಲಕವ್ವನಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ನಿನಗೂ ಒಂಬತ್ತು. ನಾನು ಅಥಣಿಗೆ ಹೊರಟ ದಿನ ನಿನಗೆ ಟ್ರೇನಿಂಗು ಎಂದು ಹೇಳಲಿಲ್ಲ, ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವುದಿಲ್ಲ ಎಂದೂ ಹೇಳಲಿಲ್ಲ. ಚಿಕ್ಕೋಡಿಗೆ ಹೋಗಿ ನಿನಗೊಂದು ಫ್ರಾಕು ತೆಗೆದುಕೊಂಡು ಸಂಜೆಯ ಬಸ್ಸಿಗೆ ಬರುತ್ತೇನೆ ಎಂದೆ. ನಿಜ ಹೇಳಿದರೆ ನೀನು ಅಳುತ್ತೀ, ನೀನು ಅತ್ತರೆ ನಾನು ಹೋಗಲಾರೆ, ಹೋಗದಿದ್ದರೆ ನಿನ್ನ ಅಪ್ಪ ತೀರಿಕೊಂಡ ಮೇಲೆ ಇದ್ದಂತೆ ಜನ್ಮವಿಡೀ ಅಣ್ಣನ ಮನೆಯಲ್ಲೇ ಇರಬೇಕು ಎಂದು ಲೆಕ್ಕ ಹಾಕಿದ್ದೆ. ನೀನು ಬಸ್ ನಿಲ್ಲುವಲ್ಲಿಗೆ ಬಂದು ನಗುತ್ತ ಕೈ ಬೀಸಿದೆ. ನಾನು ಆಚೆ ಬದಿಯ ಸೀಟು ಹಿಡಿದು ತಲೆ ಬಗ್ಗಿಸಿ ಕೂತೆ, ನಿನ್ನನ್ನು ನೋಡಲಿಲ್ಲ.

ನಾಲ್ಕು ದಿನ ನೀನು ಸಂಜೆಯ ಬಸ್ಸಿಗೆ ಹೋಗಿ ನಿಂತೆಯಂತೆ. ಐದನೆಯ ದಿನ ಹೋಗಲಿಲ್ಲವಂತೆ. ದೀಪಾವಳಿಗೆ ಬಂದಾಗ ಅತ್ತಿ ಇದನ್ನು ಹೇಳಿದಳು. ಕೇಳಿದ ಮೇಲೂ ನಿನ್ನನ್ನು ಹತ್ತಿರ ಕರೆದು ತಪ್ಪಾಯಿತು ಎನ್ನುವ ಧೈರ್ಯ ನನಗೆ ಬರಲಿಲ್ಲ. ಅದರ ಬದಲು ಜೂನ್ ತಿಂಗಳ ಮಾತು ಹೇಳಿದೆ.

ಅದೂ ಫ್ರಾಕಿನಂಥದೇ ಮಾತು, ತಾರವ್ವ. ಜೂನ್‌ನಲ್ಲಿ ಬರುವುದು ಪರೀಕ್ಷೆಯ ಫಲಿತಾಂಶ ಮಾತ್ರ. ನೌಕರಿಯ ಆದೇಶ ಯಾವಾಗ ಎಂಬುದು ಯಾರಿಗೂ ಗೊತ್ತಿಲ್ಲ. ನಮಗಿಂತ ಎರಡು ವರ್ಷ ಮೊದಲು ಮುಗಿಸಿದವರಲ್ಲಿ ಇನ್ನೂ ಮನೆಯಲ್ಲಿ ಕೂತವರು ಇದ್ದಾರೆ. ಇದು ನನಗೆ ದೀಪಾವಳಿಯಲ್ಲೂ ಗೊತ್ತಿತ್ತು. ಮಲಕವ್ವನಿಗೆ ಹೇಳಿದ್ದನ್ನು ನಾನು ಯೋಚಿಸಿ ಹೇಳಲಿಲ್ಲ, ತಾನಾಗಿ ಬಾಯಿಗೆ ಬಂತು. ರೂಢಿಯಾಗಿಬಿಟ್ಟಿದೆ.

ನೀನು ಖರೇನ ಎಂದು ಕೇಳಿದ್ದೀ. ಇಲ್ಲ. ಜೂನ್‌ನಲ್ಲಿ ನಿನ್ನನ್ನು ಕರೆದುಕೊಂಡು ಹೋಗಲು ನನ್ನಿಂದ ಆಗುವುದಿಲ್ಲ. ಮುಂದಿನ ವರ್ಷ ಆಗುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಆದೇಶ ಬಂದ ದಿನ ಬಂದು, ನನ್ನ ಜೊತೆ ಬರುತ್ತೀಯಾ ಎಂದು ಕೇಳುತ್ತೇನೆ, ಅಷ್ಟರಲ್ಲಿ ನಿನಗೆ ಅತ್ತಿಯ ಹತ್ತಿರವೇ ಇರುವ ಮನಸ್ಸಾದರೆ ಹಾಗೆಂದೇ ನನಗೆ ಹೇಳು. ನನಗೆ ನೋವಾಗುತ್ತದೆ ಎಂದು ಸುಳ್ಳು ಹೇಳಬೇಡ.

ಮುಂದಿನ ರವಿವಾರ ಮಧ್ಯಾಹ್ನ ಕರೋಶಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅಥಣಿಗೆ ಹೋಗುತ್ತೇನೆ, ಪರೀಕ್ಷೆ ಮುಗಿಯುವವರೆಗೆ ತಿರುಗಿ ಬರುವುದಿಲ್ಲ. ಬೈಯುವುದಿದ್ದರೆ ಬೈ, ಅಳುವುದಿದ್ದರೆ ಅಳು. ಬಸ್ಸಿನವರೆಗೆ ಬಾ ಎಂದು ನಾನು ಕರೆಯುವುದಿಲ್ಲ. ನೀನಾಗಿಯೇ ಬಂದರೆ, ನೀನು ನಿಂತ ಕಡೆಯ ಕಿಟಕಿಗೇ ಕೂರುತ್ತೇನೆ.